ತಂಬೂರಿಯಿಲ್ಲದ ಶ್ರುತಿ

ಕಳೆದ ಭಾನುವಾರ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ 'ಗೆಂಘಿಸ್ ಬ್ಲೂಸ್' ಎಂಬ 1999ರ ಸಾಕ್ಷ್ಯಚಿತ್ರವನ್ನು ನೋಡುತ್ತಿದ್ದಾಗ, ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಅಮ್ಮ ಅಲ್ಲಿಂದಲೇ, "ತಂಬೂರಿ ಯಾರದೋ? ಶ್ರುತಿ ಚೆನ್ನಾಗಿ ಸೇರಿದೆ" ಎಂದರು. ತಂಬೂರಿ ಎಲ್ಲಿಯೂ ಇರಲಿಲ್ಲ. ಮಂಗೋಲಿಯಾದ ಉತ್ತರಕ್ಕೆ ತಾಗಿಕೊಂಡಿರುವ ರಷ್ಯಾದ ತುವಾ ಪ್ರಾಂತ್ಯದ ಗಾಯಕ ಕೊಂಗಾರ್-ಓಲ್ ಒಂಡಾರ್ ಹಾಡುತ್ತಿದ್ದರು.

ಅಮ್ಮನ ಕಿವಿ ತಪ್ಪಿರಲಿಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯನ್ನು ಮೀಟಿದರೆ, ಯಾರೂ ಮೀಟದ ಅಂತರ ಗಾಂಧಾರವೆಂಬ ಮೇಲಿನ ಸ್ವರವೊಂದು ತಾನಾಗಿ ಮೇಲೆದ್ದು ಕೇಳುತ್ತದೆ. ನಮ್ಮ ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ತುವಾದವರು ಗಂಟಲಿನಲ್ಲಿ ಒಂದು ಸ್ವರವನ್ನು ಹಿಡಿದಿಟ್ಟು, ನಾಲಿಗೆ ತುಟಿಗಳನ್ನು ಹೊಂದಿಸಿ, ಅದರೊಳಗೆ ಅಡಗಿರುವ ಇಂಥ ಮೇಲಿನ ಸ್ವರಗಳನ್ನು ಬೇಕೆಂದಾಗ ಹೊರತೆಗೆಯುತ್ತಾರೆ.

ಚಿತ್ರದ ಕಥಾನಾಯಕ, ಸ್ಯಾನ್ ಫ್ರಾನ್ಸಿಸ್ಕೊದ ಅಂಧ ಬ್ಲೂಸ್ ಗಾಯಕ ಪಾಲ್ ಪೆನಾ 1984ರಲ್ಲಿ ಶಾರ್ಟ್‌ವೇವ್ ರೇಡಿಯೊ ತಿರುಗಿಸುತ್ತಿದ್ದಾಗ ಮಾಸ್ಕೋ ಕೇಂದ್ರದಿಂದ ಈ ಗಾಯನ ಅವರ ಕಿವಿಗೆ ಬಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದ ಊರಿನವನಾದ್ದರಿಂದಲೋ ಏನೋ, ಈ ಭಾಗ ನನಗೆ ಹೆಚ್ಚು ಹಿಡಿಸಿತು. ವರ್ಷಗಳ ಮೇಲೆ ದೊರೆತ ಧ್ವನಿಮುದ್ರಣವೊಂದನ್ನು ಮುಂದಿಟ್ಟುಕೊಂಡು ಪೆನಾ ಏಕಲವ್ಯನಂತೆ ಸಾಧನೆ ಮಾಡಿದರು. ತುವಾ ಭಾಷೆಗೆ ಇಂಗ್ಲಿಷ್ ನಿಘಂಟು ಇರಲಿಲ್ಲವಾದ್ದರಿಂದ, ಅಚ್ಚಿನ ಅಕ್ಷರವನ್ನು ಬೆರಳಿಗೆ ತಾಗುವಂತೆ ಮಾಡುವ ಯಂತ್ರದ ನೆರವಿನಿಂದ ಮೊದಲು ತುವಾ-ರಷ್ಯನ್ ನಿಘಂಟನ್ನು, ಆಮೇಲೆ ರಷ್ಯನ್-ಇಂಗ್ಲಿಷ್ ನಿಘಂಟನ್ನು ತಡವಿ ಒಂದೊಂದೇ ಪದವನ್ನು ಅರ್ಥ ಮಾಡಿಕೊಂಡರು. 1993ರಲ್ಲಿ ಒಂಡಾರ್ ಅಮೆರಿಕಕ್ಕೆ ಬಂದಾಗ ಪೆನಾ ಅವರೆದುರು ಅವರದೇ ನಾಡಿನ ಹಾಡನ್ನು ಹಾಡಿದರು.

1995ರಲ್ಲಿ ತುವಾದ ರಾಜಧಾನಿ ಕಿಜಿಲ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಪೆನಾ ಆಳದ 'ಕರ್ಗಿರಾ' ಶೈಲಿಯಲ್ಲಿ ಗೆದ್ದರು. ಅವರ ದನಿಗೆ ಜನ 'ಭೂಕಂಪ' ಎಂದು ಹೆಸರಿಟ್ಟರು. ಚಿತ್ರ ತೆಗೆದ ಬೆಲಿಕ್ ಸಹೋದರರ ಕ್ಯಾಮೆರಾ ಕೆಲವೆಡೆ ಅಲುಗಾಡುತ್ತದೆ, ಪ್ರಯಾಣದ ಭಾಗ ಸ್ವಲ್ಪ ಎಳೆದಂತಿದೆ. ಆದರೆ ಖಿನ್ನತೆಗೆ ತೆಗೆದುಕೊಳ್ಳುತ್ತಿದ್ದ ಔಷಧ ಮುಗಿದು ಪೆನಾ ಕುಸಿಯುವ ದಿನಗಳನ್ನು ಅವರು ಮುಚ್ಚಿಡದಿರುವುದು ನನಗೆ ಗೆಲುವಿನ ದೃಶ್ಯಕ್ಕಿಂತ ದೊಡ್ಡದೆನಿಸಿತು. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಈ ಚಿತ್ರದ ಹೆಸರನ್ನು ನನ್ನ ಗೆಳೆಯರಲ್ಲಿ ಒಬ್ಬರೂ ಕೇಳಿರಲಿಲ್ಲ.

ಪೆನಾ 2005ರಲ್ಲಿ, ಒಂಡಾರ್ 2013ರಲ್ಲಿ ತೀರಿಕೊಂಡರೆಂದು ಹೇಳಿದಾಗ ಅಮ್ಮ ಸುಮ್ಮನಿದ್ದರು. ಆಮೇಲೆ ಕೈಯೊರೆಸಿಕೊಂಡು ಬಂದು ಕುರ್ಚಿ ಎಳೆದುಕೊಂಡು, "ಮೊದಲಿಂದ ಹಾಕು" ಎಂದರು. ಹುರುಳಿಕಾಯಿ ಪಲ್ಯ ರಾತ್ರಿಯ ಊಟಕ್ಕಾಯಿತು.