ಹೆರಳೆ ಸಿಪ್ಪೆ ಮತ್ತು ನಮ್ಮನೆ ಇರುವೆ ಸಾಲು

ಮಳೆ ಹಿಡಿಯಿತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಇರುವೆಗಳ ಬಿಡಾರ ಮನೆಯೊಳಗೇ. ಅಂಗಳದ ಗೂಡಿಗೆಲ್ಲ ನೀರು ನುಗ್ಗಿರುತ್ತದೆ. ಪಾಪ, ಅವಾದರೂ ಎಲ್ಲಿಗೆ ಹೋಗಬೇಕು? ಆದರೆ ಕಿಟಕಿಯಿಂದ ಹೊರಟ ಸಾಲು ಸೀದಾ ಬೆಲ್ಲದ ಡಬ್ಬಿಗೆ ಮುಟ್ಟಿದಾಗ ಆ ಪಾಪವೆಲ್ಲ ಮರೆತುಹೋಗುತ್ತದೆ.

ಹೋದ ವರ್ಷ ಇವನ್ನು ಓಡಿಸಲು ಬಯೋ ಎಂಜೈಮ್, ಅಂದರೆ ಸಿಪ್ಪೆ ಹುಳಿಸಿದ ನೀರು, ಮಾಡಲು ಹೊರಟಿದ್ದೆ. 1 ಪಾಲು ಬೆಲ್ಲ, 3 ಪಾಲು ಹಣ್ಣಿನ ಸಿಪ್ಪೆ, 10 ಪಾಲು ನೀರು. 3 ತಿಂಗಳು ಹುಳಿಯಲು ಬಿಡಬೇಕು, ಮೊದಮೊದಲು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ನಾನು ತವರಿಗೆ ಹೋಗಿ ನಾಲ್ಕು ದಿನ ಉಳಿದುಬಿಟ್ಟೆ. ಬಂದು ನೋಡಿದರೆ ಮುಚ್ಚಳ ಒಲೆ ಹಿಂದೆ, ರಸ ಗೋಡೆ ತುಂಬಾ. ಬೆಲ್ಲದ ರಸ ಅಲ್ವಾ, ಊರಿನ ಇರುವೆಯೆಲ್ಲ ಅಲ್ಲೇ ನೆರೆದಿದ್ದವು.

"ಓಡಿಸ್ತೀನಿ ಅಂದಿದ್ದೆ, ಊಟಕ್ಕೇ ಕರೆದಿದ್ದೀಯಲ್ಲೇ ಮಾರಾಯ್ತಿ" ಅಂದರು ಅತ್ತೆ.

ಉಳಿದ ಇನ್ನೊಂದು ಬಾಟಲಿ ಸರಿಯಾಗೇ ಹುಳಿಯಿತು. ನೆಲ ಒರೆಸಲು ಚೆನ್ನಾಗಿದೆ. ಇರುವೆಗೆ ಹಾಕಿದರೆ ಅವು ಸುಮ್ನೆ ಸುತ್ತು ಹಾಕಿಕೊಂಡು ಹೋದವು.

ನನಗೆ ವಿಷಯ ತಲೆಗೆ ಹೋಗಿದ್ದು ದೀಪದ ಮುಂದೆ. ಕರೆಂಟು ಇರಲಿಲ್ಲ. ಅತ್ತೆ ಚಿತ್ರಾನ್ನಕ್ಕೆ ಹೆರಳೆಕಾಯಿ ಹಿಂಡುತ್ತಿದ್ದರು. ಮಗನನ್ನು ಕರೆದು, ಸಿಪ್ಪೆಯನ್ನು ದೀಪದ ಕುಡಿಯ ಹತ್ತಿರ ಹಿಡಿದು ಮಡಚಿದರು. ಚಟ್ ಚಟ್ ಅಂತ ಕಿಡಿ ಹಾರಿತು. ಮಗ ಹತ್ತು ಸಲ ಮಾಡಿಸಿದ. ಹಾಗೆ ಉರಿಯುವುದು ಸಿಪ್ಪೆಯ ಮೇಲಿನ ಸಣ್ಣ ಸಣ್ಣ ಚುಕ್ಕೆಗಳಲ್ಲಿರುವ ಎಣ್ಣೆ. ಅದರಲ್ಲಿ ಲಿಮೊನೀನ್ ಅನ್ನುವುದೇ ಜಾಸ್ತಿ. ಇರುವೆಯ ಮೈಮೇಲೆ ಮೇಣದ ತೆಳು ಪದರ ಇರುತ್ತದೆ, ಈ ಎಣ್ಣೆ ಅದನ್ನು ಕರಗಿಸುತ್ತದೆ. ನಾನು ತಿಂಗಳುಗಟ್ಟಲೆ ಕೊಳೆಸಿದ್ದೇ ದಂಡ, ಬೇಕಾಗಿದ್ದು ಹಸಿ ಸಿಪ್ಪೆ.

ಈಗ ರಸ ಹಿಂಡಿ ಉಳಿದ ಸಿಪ್ಪೆಯ ಹಸಿರು ಭಾಗವನ್ನಷ್ಟೇ ಹೆರೆದು ಮಿಕ್ಸಿಗೆ ಹಾಕುತ್ತೇನೆ. ನೀರಿನಲ್ಲಿ ಎಣ್ಣೆ ಬೆರೆಯುವುದಿಲ್ಲವಲ್ಲ, ಅದಕ್ಕೆ ಅಂಟುವಾಳದ ಕಾಯಿ ನೆನೆಸಿದ ನೊರೆ ನೀರು. ಬಟ್ಟೆಯಲ್ಲಿ ಸೋಸಿ ಸ್ಪ್ರೇ ಬಾಟಲಿಗೆ. ಕುದಿಸಬೇಡಿ, ಎಣ್ಣೆಯೆಲ್ಲ ಆವಿಯಲ್ಲೇ ಹೋಗುತ್ತದೆ, ಮನೆ ಘಮ್ಮೆನ್ನುವುದೊಂದೇ ಲಾಭ. ಅವತ್ತು ಮಾಡಿದ್ದನ್ನು ಒಂದೆರಡು ದಿನದಲ್ಲಿ ಮುಗಿಸಿಬಿಡಿ. ಸಾಲಿನ ಮೇಲೆ ಹೊಡೆದು, ಅದೇ ನೀರಿನಿಂದ ದಾರಿಯನ್ನೂ ಒರೆಸಬೇಕು. ಇರುವೆ ವಾಸನೆ ಹಿಡಿದು ನಡೆಯುತ್ತದೆ. ಆ ವಾಸನೆ ಅಳಿಸಿದರೆ ಹಿಂದೆ ಬರುವವು ಗಲಿಬಿಲಿಯಾಗುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಅದು ಮಲಗುವ ಕಡೆ ಹೊಡೆಯಬೇಡಿ, ಈ ಎಣ್ಣೆ ಬೆಕ್ಕಿಗೆ ವಿಷ.

ಸೊಳ್ಳೆಗೆ ನಮ್ಮ ಕೊಟ್ಟಿಗೆಯಲ್ಲಿ ಮೊದಲಿನಿಂದಲೂ ಅಡಿಕೆ ಸಿಪ್ಪೆಯ ಹೊಗೆ, ಜೊತೆಗೆ ಬೇಲಿಯ ಲಕ್ಕಿ ಸೊಪ್ಪು. ಸೊಳ್ಳೆ ಹೋಗುತ್ತವೆ, ನಾವೂ ಕೆಮ್ಮುತ್ತಾ ಹೊರಗೆ ಬರುತ್ತೇವೆ. ಅದಕ್ಕಿಂತ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಕವುಚಿ ಹಾಕುವುದು ಮೇಲು. ಒಂದೊಂದು ಹಾಳೆಯಲ್ಲೂ ಮಳೆನೀರು ನಿಂತು ಸೊಳ್ಳೆ ಮರಿ ಕುಣಿಯುತ್ತಿರುತ್ತವೆ.

ಕಾಡಿನಲ್ಲಿ ದರಗು (ಒಣ ಎಲೆ) ಗುಡಿಸಲು ಹೋಗುವಾಗ ಈ ಸಿಪ್ಪೆ ನೀರನ್ನೇ ಕಾಲಿಗೆ ಹಚ್ಚಿಕೊಳ್ಳಬಹುದಾ ಅಂತ ಪಕ್ಕದ ಮನೆಯವರು ಕೇಳಿದರು. ಖಂಡಿತ ಬೇಡ ಅಂದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ. ಅದಕ್ಕೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯೇ ಆಗಬೇಕು, ನನ್ನ ಮಿಕ್ಸಿ ಅಲ್ಲ.

ಅಂದಹಾಗೆ, ಇರುವೆ ಗೂಡು ಹೊರಗೆ ಗಟ್ಟಿಯಾಗೇ ಇದೆ. ಮೂರನೇ ದಿನಕ್ಕೆ ದೇವರಮನೆ ಕಿಟಕಿಯಿಂದ ಹೊಸ ಸಾಲು ಶುರುವಾಯಿತು. ನಾನು ಬಾಟಲಿ ಹುಡುಕುವಷ್ಟರಲ್ಲಿ ಅತ್ತೆ ಒಂದು ಅಗಲ ತಟ್ಟೆಗೆ ನೀರು ಹಾಕಿ, ಬೆಲ್ಲದ ಡಬ್ಬಿಯನ್ನು ಅದರ ನಡುವೆ ಇಟ್ಟಿದ್ದರು.