ಬಣ್ಣ ನೋಡೋಕೆ ಬಾಗಿಲಿಗೆ ಬನ್ನಿ

22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಗಿರಾಕಿಗಳಿಗೆ ದಿನಕ್ಕೆ ನಾಲ್ಕು ಸಲವಾದರೂ ಹೇಳುವ ಮಾತೊಂದಿದೆ. "ಅಕ್ಕಾರ, ಟ್ಯೂಬ್‌ಲೈಟಿನ್ಯಾಗ ಬಣ್ಣಾ ನೋಡಬ್ಯಾಡ್ರಿ, ಬಾಗಲಕ್ಕ ಬರ್ರಿ." ಅದರಲ್ಲೂ ನೇರಳೆ ಬಣ್ಣ ಬಹಳ ಕಳ್ಳ. ಅಂಗಡಿಯಲ್ಲಿ ಬದನೆಕಾಯಿ ಬಣ್ಣ ಅಂತ ತಂದ ಅಸ್ತರ್ ಬಿಸಿಲಿಗೆ ಹಿಡಿದರೆ ಬೀಟ್‌ರೂಟ್ ಆಗಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಮನೆಗೆ ನೇರಳೆ ಎಲೆಯ ಗಿಡ ತರುವಾಗ ಮಾತ್ರ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ.

ನಮ್ಮದು ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಸಣ್ಣ ಮನೆ. ಮುಂದಿನ ಕೋಣೆಯೇ ನನ್ನ ಅಂಗಡಿ. ಪೂರ್ವಕ್ಕೊಂದು ಕಿಟಕಿ, ಹಿಂದೆ ಪಶ್ಚಿಮಕ್ಕೆ ಗ್ರಿಲ್ ಹಾಕಿದ ಬಾಲ್ಕನಿ, ಮೇಲೆ ಮಾಳಿಗೆ. ಎರಡು ವರ್ಷದ ಹಿಂದೆ ಕೈಗಾಡಿಯಲ್ಲಿ ಗಿಡ ಮಾರಿಕೊಂಡು ಬಂದ ಹುಡುಗನ ಹತ್ತಿರ ಒಂದು ಪರ್ಪಲ್ ಹಾರ್ಟ್ ಕಂಡೆ. ಎಲೆ, ದಂಟು ಎಲ್ಲಾ ಗಾಢ ನೇರಳೆ, ಮೇಲೆ ಚಿಕ್ಕ ಗುಲಾಬಿ ಹೂವು. 60 ರೂಪಾಯಿ ಅಂದ. ಚೌಕಾಸಿ ಮಾಡೋದನ್ನೂ ಮರೆತೆ.

"ಮನಿ ಒಳಗ ಇಟ್ರ ನಡೀತೈತೇನೋ ತಮ್ಮಾ?"

"ಎಲ್ಲಿ ಇಟ್ರೂ ನಡೀತೈತ್ರಿ ಅಕ್ಕಾರ."

ಪಾಪ, ಸುಳ್ಳು ಹೇಳಲಿಲ್ಲ. ಗಿಡ ನಡೆಯಿತು. ಬಣ್ಣ ನಡೆಯಲಿಲ್ಲ. ಮಷಿನ್ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ ಇಟ್ಟಿದ್ದೆ. ಎರಡು ತಿಂಗಳಲ್ಲಿ ದಂಟು ಅಳತೆ ಟೇಪಿನಂತೆ ಉದ್ದಕ್ಕೆ ಜೋತುಬಿತ್ತು. ಗೆಣ್ಣಿನಿಂದ ಗೆಣ್ಣಿಗೆ ನಾಲ್ಕು ಬೆರಳಿನ ಅಂತರ. ಹೊಸ ಎಲೆಗಳು ಹಸಿರೂ ಅಲ್ಲ, ಬೂದಿಯೂ ಅಲ್ಲ, ತೊಳೆದು ತೊಳೆದು ಬಣ್ಣ ಬಿಟ್ಟ ಪೆಟಿಕೋಟಿನ ಹಾಗೆ. ಗೊಬ್ಬರ ಸಾಲಲಿಲ್ಲವೇನೋ ಅಂತ ಸಗಣಿ ನೀರು ಹಾಕಿದೆ. ಇನ್ನಷ್ಟು ಹಸಿರಾಯಿತು!

ಒಂದಿನ ನಮ್ಮತ್ತಿ ಕಸ ಹೊಡೆಯುವಾಗ ಅದರದೊಂದು ಕಡ್ಡಿ ಮುರಿಯಿತು. ಎಸೆಯೋಕೆ ಮನಸ್ಸಾಗದೆ ಮಾಳಿಗೆ ಮೇಲೆ ಮಣ್ಣು ತುಂಬಿದ್ದ ಹಳೆ ಪೇಂಟ್ ಡಬ್ಬಿಯಲ್ಲಿ ಚುಚ್ಚಿ ಬಂದರು. ತಿಂಗಳಾದ ಮೇಲೆ ಬಟ್ಟೆ ಒಣಹಾಕಲು ಹೋದವಳು ನೋಡುತ್ತೇನೆ, ಕಡ್ಡಿ ಚಿಗುರಿ ಕೈಗಾಡಿಯಲ್ಲಿ ಕಂಡಿದ್ದಕ್ಕಿಂತ ಕಡು ನೇರಳೆ. ಕೆಳಗೆ ತಾಯಿ ಹಸಿರು, ಮೇಲೆ ಮಗಳು ನೇರಳೆ.

ಯಾಕೆ ಹೀಗೆ ಅನ್ನೋದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಮಾಳಿಗೆಯ ನಾಲ್ಕು ಎಲೆ ತಂದು, ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ಕುದಿಸಿದೆ. ಐದು ನಿಮಿಷಕ್ಕೆ ನೀರಿಗೆ ನೇರಳೆ ಇಳಿಯಿತು. ಎಲೆ ಮಾತ್ರ ಬೆಂದ ಪಾಲಕದ ಹಾಗೆ ಹಸಿರು! ಅಂದರೆ ಒಳಗೆ ಹಸಿರು ಮೊದಲಿನಿಂದಲೂ ಇತ್ತು. ಮೇಲಿನ ನೇರಳೆಗೆ ಆಂಥೋಸಯನಿನ್ ಅಂತ ಹೆಸರು. ನೇರಳೆ ಹಣ್ಣು ತಿಂದರೆ ನಾಲಿಗೆಗೆ ಹತ್ತುತ್ತದಲ್ಲ, ಬದನೆಕಾಯಿ ಸಿಪ್ಪೆಯಲ್ಲಿರುತ್ತದಲ್ಲ, ಅದೇ ಜಾತಿ. ಬೀಟ್‌ರೂಟ್, ಕೆಂಪು ದಂಟಿನ ಸೊಪ್ಪಿನ ಬಣ್ಣ ಬೇರೆ, ಅದು ಬೀಟಾಲೈನ್. ಈ ಆಂಥೋಸಯನಿನ್ ಎಲೆಗೆ ಕೊಡೆಯ ಹಾಗೆ. ಬಿಸಿಲು ಜಾಸ್ತಿ ಬಿದ್ದಾಗ ಗಿಡ ಅದನ್ನು ಬಿಚ್ಚುತ್ತದೆ. ಟ್ಯೂಬ್‌ಲೈಟಿಗೆ ಯಾರು ಕೊಡೆ ಹಿಡಿಯುತ್ತಾರೆ? ಇದ್ದಬದ್ದ ಬೆಳಕು ಹಿಡಿಯೋಕೆ ಹಸಿರೇ ಬೇಕು.

ಒಂದು ಮಾತು. ಈ ಗಿಡ ಚಿವುಟಿದ ಮೇಲೆ ಕೈ ತೊಳೆಯಿರಿ. ರಸ ಕೆಲವರಿಗೆ ತುರಿಕೆ ತರುತ್ತದೆ. ನನಗೆ ಬೆರಳ ಸಂದಿಯಲ್ಲಿ ಉರಿ ಬಂದು ಅರ್ಧ ದಿನ ಸೂಜಿ ಹಿಡಿಯೋಕೆ ಆಗಲಿಲ್ಲ. ಬೆಕ್ಕು ನಾಯಿ ಇದ್ದವರ ಮನೆಯಲ್ಲಿ ಮೇಲೆ ತೂಗುಹಾಕೋದು ವಾಸಿ.

ಅಲ್ಲಿಂದ ಮುಂದೆ ಮೊದಲು ಜಾಗ ನೋಡಿ ಆಮೇಲೆ ಗಿಡ ತರುತ್ತೇನೆ. ಪಶ್ಚಿಮದ ಬಾಲ್ಕನಿ ಪರ್ಪಲ್ ಹಾರ್ಟಿಗೆ. ಜುಲೈನ ಜಿಟಿಜಿಟಿ ಮಳೆಯಲ್ಲಿ, ವಾರಗಟ್ಟಲೆ ಸೂರ್ಯ ಕಾಣದಿದ್ದಾಗ, ಅಲ್ಲೂ ಸ್ವಲ್ಪ ಮಂಕಾಗುತ್ತದೆ. ದೀಪಾವಳಿ ಹೊತ್ತಿಗೆ ಬಣ್ಣ ವಾಪಸ್.

ಪೂರ್ವದ ಕಿಟಕಿ ನನ್ನ ಮುದ್ದಿನ ಗಿಡಕ್ಕೆ, ಗೈನೂರಾ. ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ತಂದದ್ದು. ಮುಟ್ಟಿದರೆ ಥೇಟ್ ಮಖಮಲ್. ಇದರ ನೇರಳೆ ಇರೋದು ಕೂದಲಲ್ಲಿ. ಎಲೆ ಹಸಿರೇ, ಅದರ ಮೇಲೆ ಸಣ್ಣ ನೇರಳೆ ಕೂದಲು ದಟ್ಟವಾಗಿ ಬೆಳೆದಿರುತ್ತದೆ. ಮಖಮಲ್ ಬ್ಲೌಸ್ ಹೊಲಿದವರಿಗೆ ಗೊತ್ತು, ಬಟ್ಟೆಯನ್ನು ಒಂದು ದಿಕ್ಕಿನಿಂದ ನೋಡಿದರೆ ಕಡು, ತಿರುಗಿಸಿದರೆ ತಿಳಿ. ತೋಳು ಒಂದು ಕಡೆ, ಬೆನ್ನು ಇನ್ನೊಂದು ಕಡೆ ಕತ್ತರಿಸಿದರೆ ಬ್ಲೌಸ್ ಎರಡು ಬಣ್ಣ ಕಾಣುತ್ತದೆ. ಈ ಎಲೆಯೂ ಹಾಗೇ. ನೇರ ಮೇಲಿನಿಂದ ನೋಡಿದರೆ ಹಸಿರು ಜಾಸ್ತಿ, ಬಗ್ಗಿ ಓರೆಯಾಗಿ ನೋಡಿದರೆ ನೇರಳೆ ಮಿಂಚುತ್ತದೆ. ಹೀಗಾಗಿ ಅದನ್ನು ಮಷಿನ್ ಮುಂದೆ ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಇಟ್ಟಿದ್ದೇನೆ. ಎಲೆ ಮೇಲೆ ನೀರು ಚಿಮುಕಿಸಬಾರದು, ಕೂದಲಲ್ಲಿ ನಿಂತು ಕಲೆ ಬೀಳುತ್ತದೆ. ಬಣ್ಣ ಕುಡಿಯಲ್ಲೇ ಹೆಚ್ಚು, ಎಲೆ ದೊಡ್ಡದಾದ ಹಾಗೆ ಕೂದಲು ವಿರಳವಾಗುತ್ತದೆ. ಅದಕ್ಕೇ ಆಗಾಗ ತುದಿ ಚಿವುಟುತ್ತಿರಬೇಕು. ಕಿತ್ತಳೆ ಬಣ್ಣದ ಮೊಗ್ಗು ಬಂದರೆ ಅದನ್ನೂ ತೆಗೆದುಬಿಡಿ. ಹೂವು ನೋಡೋಕೆ ಚೆಂದ, ವಾಸನೆ ಮಾತ್ರ ದೇವರೇ ಗತಿ. ನಾನೊಮ್ಮೆ ಬಿಟ್ಟು ನೋಡಿದೆ. ಬಂದ ಗಿರಾಕಿಯೊಬ್ಬರು ಮೂಗು ಮುಚ್ಚಿಕೊಂಡು "ಎಲ್ಯೋ ಇಲಿ ಸತ್ತೈತೇನ್ರಿ" ಅಂದರು.

ಆಕ್ಸಾಲಿಸ್ ಕಥೆ ಬೇರೆ. ಮೂರು ತ್ರಿಕೋನದ ಎಲೆ, ಚಿಟ್ಟೆ ಕೂತ ಹಾಗೆ. ಸಂಜೆಯಾದರೆ ಮಡಚಿಕೊಂಡು ಮಲಗುತ್ತದೆ, ಬೆಳಗ್ಗೆ ಬಿಚ್ಚಿಕೊಳ್ಳುತ್ತದೆ. ಏಪ್ರಿಲ್ ಸೆಕೆಗೆ ಒಂದೊಂದೇ ಎಲೆ ಒಣಗಿ ಕುಂಡ ಬೋಳಾಯಿತು. ಸತ್ತಿತು ಅಂದುಕೊಂಡು ಕಣ್ಣೀರು ಹಾಕೋದೊಂದು ಬಾಕಿ. ಅತ್ತಿ ಖಾಲಿ ಕುಂಡ ಯಾಕೆ ಅಂತ ಅದರಲ್ಲಿ ಕೊತ್ತಂಬರಿ ಬಿತ್ತಿದರು. ಜೂನ್ ಮಳೆ ಬಿದ್ದು ಹತ್ತು ದಿನಕ್ಕೆ ಕೊತ್ತಂಬರಿ ನಡುವೆ ನೇರಳೆ ಚಿಟ್ಟೆಗಳು! ಬಗೆದು ನೋಡಿದರೆ ಮಣ್ಣಲ್ಲಿ ಗುಲಾಬಿ ಬಣ್ಣದ, ಪದರ ಪದರ ಇರುವ ಸಣ್ಣ ಗಡ್ಡೆ. ಸೆಕೆಗೆ ಮಲಗಿತ್ತಷ್ಟೆ. ಎಲೆ ಒಣಗಿದರೆ ನೀರು ಕಡಿಮೆ ಮಾಡಿ, ಕುಂಡ ಎಸೆಯಬೇಡಿ. ಕೊತ್ತಂಬರಿ ಮಾತ್ರ ಆ ವರ್ಷ ತಿನ್ನೋಕೆ ಆಗಲಿಲ್ಲ, ಕೀಳೋಕೆ ಹೋದರೆ ಆಕ್ಸಾಲಿಸ್ ಜೊತೆಗೇ ಬರುತ್ತಿತ್ತು.

ಕಲಾಥಿಯಾ ತರಬೇಡಿ ಅಂತಲೇ ಹೇಳುತ್ತೇನೆ. ಮೇಲೆ ಹಸಿರು ಗೆರೆ, ಎಲೆ ಕೆಳಗೆ ನೇರಳೆ, ಒಳ್ಳೆ ಅಸ್ತರ್ ಕೊಟ್ಟ ಹಾಗೆ. ಆದರೆ ಅದಕ್ಕೆ ಮಲೆನಾಡಿನ ಗಾಳಿ ಬೇಕು. ನಮ್ಮಲ್ಲಿ ನಲ್ಲಿ ನೀರು ಬರೋದೇ ವಾರಕ್ಕೊಮ್ಮೆ, ಉಳಿದ ದಿನ ಬೋರ್‌ವೆಲ್. ಆ ಗಡಸು ನೀರಿಗೆ, ಮಾರ್ಚ್‌ನ ಒಣಗಾಳಿಗೆ ಎಲೆ ಅಂಚು ಸುಟ್ಟ ಹಪ್ಪಳ. ಅಸ್ತರ್ ಇರುವ ಗಿಡವೇ ಬೇಕಿದ್ದರೆ ರೋಯೋ ತನ್ನಿ. ಕತ್ತಿಯಂಥ ಎಲೆ, ಕೆಳಗೆ ಅದೇ ನೇರಳೆ, ಇದಕ್ಕೆ ಬೋರ್‌ವೆಲ್ ನೀರೂ ನಡೆಯುತ್ತದೆ.

ಮಣ್ಣಿನ ಬಗ್ಗೆ ಜಾಸ್ತಿ ಹೇಳಲ್ಲ. ಸೊಗಸಾಗಿ ಜೋಳ ಬೆಳೆಯುವ ನಮ್ಮ ಎರೆಮಣ್ಣು ಕುಂಡದಲ್ಲಿ ಮಾತ್ರ ನೀರು ಹಿಡಿದರೆ ಕೆಸರು, ಒಣಗಿದರೆ ಇಟ್ಟಿಗೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಎರಡು ಹಿಡಿ ಮರಳು. ಡಬ್ಬಿ ಯಾವುದಾದರೂ ಸರಿ, ಕೆಳಗೆ ತೂತು ಇರಲಿ.

ಪರ್ಪಲ್ ಹಾರ್ಟ್ ತೆಗೆದ ಮೇಲೆ ಟ್ಯೂಬ್‌ಲೈಟಿನ ಮೂಲೆ ಖಾಲಿ ಇತ್ತು. ಹೋದ ತಿಂಗಳು ಅಲ್ಲಿಗೆ ರೇವನ್ ಝೀಝೀ ಅನ್ನುವ ಗಿಡ ತಂದೆ, 450 ರೂಪಾಯಿ. ಕಡಿಮೆ ಬೆಳಕಿನಲ್ಲೂ ಎಲೆ ಕಪ್ಪು ಕಪ್ಪು ನೇರಳೆ. ಮೊನ್ನೆ ಹೊಸ ಕುಡಿ ಬಂತು, ಗಿಳಿಹಸಿರು.

"ನೋಡ್ವಾ, ಮತ್ತ ಮೋಸ ಮಾಡ್ಯಾನ," ಅಂದರು ಅತ್ತಿ.

ಇದು ಹುಟ್ಟುವಾಗ ಹಸಿರು, ಬಲಿತ ಮೇಲೆ ಕಪ್ಪಾಗುತ್ತದೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಈಗ ದಿನಾ ಚಹಾ ಕುಡಿಯುವಾಗ ಕನ್ನಡಕ ಹಾಕಿಕೊಂಡು ಆ ಕುಡಿ ನೋಡುತ್ತಾರೆ. ಇವತ್ತು ಕೆಳಗಿನ ಎರಡು ಎಲೆಯ ಅಂಚು ಸ್ವಲ್ಪ ಕಂದಿದೆ. ಅವರು ಕುಂಡವನ್ನೇ ಎತ್ತಿಕೊಂಡು ಬಾಗಿಲಿಗೆ ಹೋದರು.