ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್

ಜಗಳೂರು ಕಡೆಯ ಹಳ್ಳಿಯಿಂದ ದಾವಣಗೆರೆಗೆ ತಪಾಸಣೆಗೆ ಬಂದಿದ್ದ ಮೂರೂವರೆ ತಿಂಗಳ ಗರ್ಭಿಣಿಯೊಬ್ಬಳ ಫೈಲಿನಲ್ಲಿ ಮದುವೆಗೆ ಮುಂಚಿನ ರಕ್ತಪರೀಕ್ಷೆಯ ಚೀಟಿಗಳೂ ಇದ್ದವು. ಎಲ್ಲದರಲ್ಲೂ ಹಿಮೋಗ್ಲೋಬಿನ್ ಹತ್ತರ ಆಸುಪಾಸು, ಎಲ್ಲದರ ಬೆನ್ನಿಗೂ ಕಬ್ಬಿಣದ ಮಾತ್ರೆ. "ಕೊಟ್ಟ ಮಾತ್ರೆ ನುಂಗಲ್ಲ ಸರ್, ಕದ್ದು ಬಿಸಾಕ್ತಾಳೆ" ಎಂದು ಅತ್ತೆ ನಮ್ಮ ಲ್ಯಾಬಿನಲ್ಲಿ, ನಾಲ್ಕು ಜನರ ಎದುರಿಗೇ ದೂರಿದರು. ಆಕೆ ತಲೆ ಎತ್ತದೆ, ಮಾತ್ರೆಯಿಂದ ಮಲಬದ್ಧತೆಯಾಗುತ್ತದೆ, ಮಲ ಕಪ್ಪಗೆ ಹೋಗುತ್ತದೆ ಎಂದಳು. ಬಿಸಾಕಿದವರಿಗೆ ಈ ಕಷ್ಟ ಬರುವುದಿಲ್ಲವೆಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯಲಿಲ್ಲ.

ಸೆಲ್ ಕೌಂಟರ್ ಹಿಮೋಗ್ಲೋಬಿನ್ 9.4, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 60 ಎಂದು ತೋರಿಸಿತು. ನಮ್ಮ ಸಾಫ್ಟ್‌ವೇರ್ ಹಿಮೋಗ್ಲೋಬಿನ್ನನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕುವುದರಿಂದ ವಾರ್ಡಿನವರ ಕಣ್ಣು ಅಲ್ಲಿಗೇ ನಿಲ್ಲುತ್ತದೆ; ಎಂಸಿವಿ ಓದಿದವರೂ 80ಕ್ಕಿಂತ ಕಡಿಮೆ ಕಂಡೊಡನೆ ಕಬ್ಬಿಣದ ಕೊರತೆಯೆಂದು ತೀರ್ಮಾನಿಸುತ್ತಾರೆ. ಆದರೆ ಅದೇ ಹಾಳೆಯಲ್ಲಿ ಕೆಂಪುಕಣಗಳ ಎಣಿಕೆ 51 ಲಕ್ಷವಿತ್ತು. ಕಬ್ಬಿಣ ಸಾಲದಾದಾಗ ಕಣಗಳು ಚಿಕ್ಕದಾಗುವುದರ ಜೊತೆಗೆ ಸಾಮಾನ್ಯವಾಗಿ ಸಂಖ್ಯೆಯಲ್ಲೂ ಇಳಿಯುತ್ತವೆ, ಗರ್ಭಿಣಿಯರಲ್ಲಂತೂ ರಕ್ತ ತೆಳುವಾಗಿ ಎಣಿಕೆ ಇನ್ನಷ್ಟು ತಗ್ಗುತ್ತದೆ. ಎಂಸಿವಿಯನ್ನು ಎಣಿಕೆಯಿಂದ, ಅಂದರೆ ಹತ್ತು ಲಕ್ಷದ ಲೆಕ್ಕದಲ್ಲಿ 5.1ರಿಂದ, ಭಾಗಿಸಿದರೆ ಹನ್ನೆರಡೂ ಬರಲಿಲ್ಲ. ಈ ಮೆಂಟ್ಜರ್ ಲೆಕ್ಕದಲ್ಲಿ 13ಕ್ಕಿಂತ ಕೆಳಗೆ ಬಂದರೆ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ತಯಾರಿಕೆಯ ವಂಶವಾಹಿ ದೋಷದ ವಾಹಕತ್ವವನ್ನು ಶಂಕಿಸಬೇಕು. ಅದು ಶಂಕೆಯೇ ಹೊರತು ರೋಗನಿರ್ಣಯವಲ್ಲ.

ಅಷ್ಟರಲ್ಲಿ ವಾರ್ಡಿನಿಂದ ಫೋನ್: "ಸರ್, ರಿಪೋರ್ಟ್ ಕಳಿಸ್ರಿ, ಐರನ್ ಡ್ರಿಪ್ ರೆಡಿ ಐತೆ." ದೇಹದ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡುವವರೆಗೆ ತಡೆಯಿರಿ ಎಂದೆ. ಡ್ಯೂಟಿ ಡಾಕ್ಟರೇ ಲೈನಿಗೆ ಬಂದು, ಕೊನೆಯ ಬಸ್ಸಿಗೆ ಊರು ಸೇರಬೇಕಾದವರನ್ನು ಕೂರಿಸಿಕೊಳ್ಳುವುದೇಕೆ ಎಂದು ಗದರಿದರು. ಅವರ ಅವಸರವೂ ಸುಳ್ಳಲ್ಲ. ಆದರೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಪ್ರತ್ಯೇಕ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ಕರುಳು ದಿನಕ್ಕೆ 1–2 ಮಿಲಿಗ್ರಾಂ ಮಾತ್ರ ಒಳಬಿಟ್ಟುಕೊಂಡು ಸಮತೋಲ ಕಾಯುತ್ತದೆ, ಡ್ರಿಪ್ ಆ ಕಾವಲನ್ನೇ ದಾಟಿ ಹೋಗುತ್ತದೆ. ಫೋನ್ ಇಟ್ಟು, ಲೀಶ್ಮನ್ ಬಣ್ಣ ಹಾಕಿದ ಸ್ಲೈಡನ್ನು ಪೆಥಾಲಜಿಸ್ಟ್ ಮೇಡಂ ಮುಂದಿಟ್ಟೆ. ಕಬ್ಬಿಣದ ಕೊರತೆಯಲ್ಲಿ ಕಾಣುವ ಪೆನ್ಸಿಲ್ ಕಣಗಳನ್ನು ಹುಡುಕಿದರೂ ಸಿಗಲಿಲ್ಲ, ನಡುವೆ ಚುಕ್ಕೆಯಿಟ್ಟಂಥ ಟಾರ್ಗೆಟ್ ಕಣಗಳು ಬೇಕಾದಷ್ಟಿದ್ದವು.

ಫೆರಿಟಿನ್ 74 ಬಂತು, ದಾಸ್ತಾನು ಸಾಕಷ್ಟಿದೆ ಎಂದರ್ಥ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಉರಿಯೂತವಿದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಕಬ್ಬಿಣವನ್ನು ಕೋಶಗಳೊಳಗೇ ತಡೆಹಿಡಿಯುತ್ತದೆ, ಫೆರಿಟಿನ್ ಕೂಡ ಏರುತ್ತದೆ. ಹಾಗಾಗಿ ನಿಜವಾದ ಕೊರತೆ ಅದರ ಹಿಂದೆ ಅಡಗಿರಬಹುದು. ಉರಿಯೂತದ ಪತ್ತೆಗೆ ಸಿಆರ್‌ಪಿ ಮಾಡಿದೆವು, ನಾರ್ಮಲ್ ಇತ್ತು. ಡಾಕ್ಟರು ಡ್ರಿಪ್ ಕೈಬಿಟ್ಟು ಫೋಲಿಕ್ ಆಸಿಡ್ ಮುಂದುವರಿಸಿದರು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯಲು ಹೊರಗೆ ಕಳಿಸಿದ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಶೇ. 5.2 ಬಂದಿತು, 3.5ಕ್ಕಿಂತ ಕೆಳಗಿರಬೇಕಾದದ್ದು. ಬೀಟಾ ಥಲಸ್ಸೇಮಿಯಾ ವಾಹಕಿ. ಹಾಗೆಂದು ವಾಹಕರಿಗೆಲ್ಲ ಕಬ್ಬಿಣವೇ ಬೇಡವೆಂದು ಹೊರಟರೆ ಅದು ಇನ್ನೊಂದು ಅನಾಹುತ: ಅವರಿಗೂ ಕೊರತೆ ಬರುತ್ತದೆ, ಆಗ ಎ2 ಪ್ರಮಾಣ ತುಸು ತಗ್ಗಿ ವಾಹಕತ್ವವೇ ಕಣ್ತಪ್ಪಬಹುದು.

ಗಂಡನ ರಕ್ತ ತೆಗೆಯುವುದೇ ದೊಡ್ಡ ಪಂಚಾಯಿತಿಯಾಯಿತು. "ನನಗೇನಾಗೈತಿ?" ಎಂಬುದೊಂದೇ ಮಾತು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು, ಮಗುವಿಗೆ ಜೀವನವಿಡೀ ರಕ್ತ ಕೊಡಿಸುತ್ತಿರಬೇಕಾದ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆಯಿದೆಯೆಂದು ಮೇಡಂ ಕೂರಿಸಿ ಹೇಳಿದ ಮೇಲೆ ತೋಳು ಚಾಚಿದ. ಅವನ ಎಂಸಿವಿ, ಎ2 ಎರಡೂ ಸರಿಯಿದ್ದವು. ರಿಪೋರ್ಟ್ ಒಯ್ಯಲು ಬಂದಾಗ ಆಕೆ, ತವರಿನಲ್ಲಿರುವ ತಂಗಿಯೂ ಇದೇ ಮಾತ್ರೆ ನುಂಗುತ್ತಿದ್ದಾಳೆ, ಅವಳಿಗೆ ಗಂಡು ನೋಡುತ್ತಿದ್ದಾರೆ ಎಂದಳು. ನಿಶ್ಚಿತಾರ್ಥಕ್ಕೆ ಮೊದಲೇ ಹಳೆಯ ಚೀಟಿಗಳ ಸಮೇತ ಕರೆತರಲು ಹೇಳಿ ಕಳಿಸಿದ್ದೇವೆ.